ಮಕ್ಕಳೊಡನೆ ಮಹಾನಗರಕ್ಕೆ

(ಬಾನುಲಿ ಭಾಷಣ)

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಮಕ್ಕಳನ್ನು ಕಟ್ಟಿಕೊಂಡು ಊರು ಬಿಡುವ ಪ್ರಸಂಗ ಅವರಿಗೆ ಅಷ್ಟಾಗಿ ಒದಗಿರಲಿಲ್ಲವೆಂದು ಕಾಣುತ್ತದೆ. ಒದಗಿದ್ದರೆ, ಬೆಂಗಳೂರಿನಲ್ಲಿ ಮನೆ ಹುಡುಕಿ ನೋಡು ಎಂಬ ಮೂರನೆಯ ಮಾತನ್ನೂ ಅವರು ಸೇರಿಸದೆ ಇರುತ್ತಿರಲಿಲ್ಲ. ಒಬ್ಬಂಟಿಗನಾಗಿ ನಗರಕ್ಕೆ ಹೋಗುವವನಿಗೆ ಒಂದು ಕೋಣೆ, ಕೈಗೆಟುಕುವಂತೆ ಒಂದು ಊಟದ ಮನೆ ಇದ್ದರೆ ಸಾಕು. ಮಕ್ಕಳಿರುವವನಿಗೆ ಬೇಕಾಗುವುದು ಬರಿಯ ಮನೆಯಲ್ಲ, ಬಡಾವಣೆ. ಮನೆ ಬೇರೆ, ಬಡಾವಣೆ ಬೇರೆ ಎಂಬ ಈ ಸರಳವಾದ ಸಂಗತಿಯನ್ನು ಅರಿಯಲು ನನಗೆ ಒಂದು ವರ್ಷ ಹಿಡಿಯಿತು. ಆ ವರ್ಷ ನನ್ನದಾಗಿದ್ದರೆ ಚಿಂತೆಯಿರಲಿಲ್ಲ. ಅದು ನನ್ನ ಮಕ್ಕಳದಾಗಿತ್ತು. ಆದ್ದರಿಂದಲೇ ಇಂದು ಈ ಅನುಭವವನ್ನು ತಮ್ಮ ಮುಂದಿಡುತ್ತಿದ್ದೇನೆ. ತಮ್ಮಲ್ಲಿ ಯಾರಾದರೊಬ್ಬರು ಈ ಬೇಸಗೆಯಲ್ಲಿ ಪೆಟ್ಟಿಗೆ ಕಟ್ಟುತ್ತಿರಬಹುದು.

ನಮ್ಮ ಊರು ಸಾಗರ. ಗಣಪತಿ ಕೆರೆಯ ಊರು. ಮೂರು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆ ನಡೆಯುವ ಊರು. 2023ರ ಬೇಸಗೆಯಲ್ಲಿ ಉದ್ಯೋಗದ ನಿಮಿತ್ತ ನಾವು ಅದನ್ನು ಬಿಟ್ಟೆವು. ಮಗಳಿಗೆ ಆಗ ಹನ್ನೊಂದು ವರ್ಷ, ಮಗನಿಗೆ ಏಳು. ಸಾಗರದಲ್ಲಿ ಶಾಲೆ ನಮ್ಮ ಮನೆಯಿಂದ ಹತ್ತು ನಿಮಿಷದ ನಡಿಗೆ. ಮಗಳು ತಮ್ಮನ ಕೈಹಿಡಿದು ಹೋಗುತ್ತಿದ್ದಳು; ಬರುವಾಗ ಕೈಬಿಟ್ಟು ಜಗಳವಾಡುತ್ತ ಬರುತ್ತಿದ್ದರು. ಸಂಜೆ ಅವಳು ಗ್ರಂಥಾಲಯಕ್ಕೆ ಹೋಗುವಳು, ಗೆಳತಿಯ ಮನೆಗೆ ಹೋಗುವಳು, ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರುವಳು. ಇದೆಲ್ಲ ಒಂದು ಭಾಗ್ಯವೆಂದು ನಮಗೆ ಆಗ ತೋರಿರಲಿಲ್ಲ. ಗಾಳಿಯನ್ನು ಯಾರು ಭಾಗ್ಯವೆಂದು ಎಣಿಸುತ್ತಾರೆ?

ನಾನು ಬಡಾವಣೆಯನ್ನು ಆರಿಸಿದ ಬಗೆಯನ್ನು ಹೇಳಿದರೆ ತಾವು ನಕ್ಕೀರಿ. ಕಛೇರಿ ವೈಟ್‌ಫೀಲ್ಡಿನ ಕಡೆ ಇತ್ತು. ನಕ್ಷೆಯ ಮೇಲೆ ಕಛೇರಿಗೆ ಒಂದು ಚುಕ್ಕೆಯಿಟ್ಟು, ಅದರ ಸುತ್ತ ವೃತ್ತವೊಂದನ್ನು ಎಳೆದೆ. ಆ ವೃತ್ತದೊಳಗೆ, ವರ್ತೂರಿನ ಆಚೆ, ಹತ್ತು ಅಂತಸ್ತಿನ ಹೊಸ ಕಟ್ಟಡದಲ್ಲಿ ಮೂರು ಮಲಗುವ ಕೋಣೆಗಳ ಮನೆ ದೊರೆಯಿತು. ಈಜುಕೊಳವಿತ್ತು, ಮಕ್ಕಳ ಜಾರುಬಂಡೆಯಿತ್ತು, ಬಾಗಿಲಲ್ಲಿ ಸಲಾಮು ಹೊಡೆಯುವ ಕಾವಲುಗಾರನಿದ್ದ. ಇನ್ನು ಶಾಲೆಯೋ, ಅದನ್ನು ಹೆಸರು ನೋಡಿ ಆರಿಸಿದೆವು. ಹನ್ನೊಂದು ಕಿಲೋಮೀಟರ್ ದೂರವಿದ್ದರೇನಂತೆ, ಮನೆಯ ಬಾಗಿಲಿಗೇ ಬಸ್ಸು ಬರುತ್ತದೆಯಲ್ಲ! ತಂದೆಗೆ ಕಛೇರಿ ಹತ್ತಿರ, ಮಕ್ಕಳಿಗೆ ಬಸ್ಸು ಹತ್ತಿರ. ಲೆಕ್ಕ ಸರಿಯಾಗಿಯೇ ಇತ್ತು. ಬಿಡಿಸಿದ ಲೆಕ್ಕ ಮಾತ್ರ ಬೇರೆಯದಾಗಿತ್ತು.

ಬಸ್ಸು ಬೆಳಗ್ಗೆ ಆರೂ ನಲವತ್ತಕ್ಕೆ ಬರುತ್ತಿತ್ತು. ಹನ್ನೊಂದು ಕಿಲೋಮೀಟರನ್ನು ಕ್ರಮಿಸಲು ಅದಕ್ಕೆ ಒಂದು ಗಂಟೆ ಹತ್ತು ನಿಮಿಷ ಬೇಕಾಗುತ್ತಿತ್ತು. ಮಳೆ ಬಂದ ದಿನ ಅದಕ್ಕೆ ಲೆಕ್ಕವೇ ಇಲ್ಲ. ಸಂಜೆ ಮಗ ಬಸ್ಸಿನಿಂದ ಇಳಿಯುವಾಗ ಅರ್ಧ ನಿದ್ದೆಯಲ್ಲಿರುತ್ತಿದ್ದ. ಸಾಗರದಲ್ಲಿ ಊಟಕ್ಕೆ ಕುಳಿತರೆ ಅವನ ಮಾತಿಗೆ ಕೊನೆಯಿರಲಿಲ್ಲ. ಇಲ್ಲಿ ತಟ್ಟೆಯ ಮುಂದೆ ತೂಕಡಿಸತೊಡಗಿದ. ಮೊದಲ ತಿಂಗಳು ಹೊಸ ಊರಿನ ಆಯಾಸವೆಂದುಕೊಂಡೆವು. ಎರಡನೆಯ ತಿಂಗಳು ಹವೆಯ ವ್ಯತ್ಯಾಸವೆಂದುಕೊಂಡೆವು. ಕಾರಣವನ್ನು ಹುಡುಕುವ ಮನಸ್ಸಿಲ್ಲದವನಿಗೆ ಕಾರಣಗಳಿಗೆ ಬರವೆಲ್ಲಿ?

ಒಂದು ಭಾನುವಾರ ಸಂಜೆ ಮಗಳು ಕಿಟಕಿಯ ಬಳಿ ನಿಂತು ಕೆಳಗಿನ ರಸ್ತೆಯನ್ನು ನೋಡುತ್ತಿದ್ದಳು. ಟ್ಯಾಂಕರುಗಳು, ಜಲ್ಲಿಯ ಲಾರಿಗಳು ಸಾಲಾಗಿ ಹೋಗುತ್ತಿದ್ದವು. ಕಾಲುದಾರಿ ಇರಬೇಕಾದ ಕಡೆ ಚರಂಡಿ ಬಾಯ್ದೆರೆದಿತ್ತು. ಅವಳು ನನ್ನ ಕಡೆ ತಿರುಗಿ, ‘ಅಪ್ಪ, ಇಲ್ಲಿ ನಾನು ಒಬ್ಬಳೇ ಎಲ್ಲಿಗೆ ಹೋಗಬಹುದು?’ ಎಂದು ಕೇಳಿದಳು. ಆಕ್ಷೇಪಣೆಯ ದನಿಯಲ್ಲ, ದೂರಿನ ದನಿಯೂ ಅಲ್ಲ, ತಿಳಿದುಕೊಳ್ಳಬೇಕೆಂದು ಕೇಳಿದ್ದು. ನಾನು ಯೋಚಿಸಿದೆ. ಕೆಳಗಿನ ಜಾರುಬಂಡೆಗೆ ಹೋಗಬಹುದು. ಕಾವಲುಗಾರನಿರುವ ಬಾಗಿಲಿನವರೆಗೆ ಹೋಗಬಹುದು. ಅದಕ್ಕಿಂತ ಆಚೆಗೆ ನನಗೆ ಉತ್ತರ ಹೊಳೆಯಲಿಲ್ಲ. ಸಾಗರದಲ್ಲಿ ಒಂದು ಊರನ್ನೇ ತನ್ನದಾಗಿಸಿಕೊಂಡಿದ್ದ ಹುಡುಗಿಗೆ ಒಂದು ಕೋಟಿ ಜನರ ನಗರದಲ್ಲಿ ನಾನು ಕೊಟ್ಟದ್ದು ಒಂದು ಗೇಟಿನವರೆಗಿನ ಸ್ವಾತಂತ್ರ್ಯ.

ಆ ರಾತ್ರಿ ನನಗೆ ಹೊಳೆದದ್ದು ಇಷ್ಟು. ನಾನು ವೃತ್ತವನ್ನು ಎಳೆದದ್ದು ತಪ್ಪಲ್ಲ; ಅದರ ಕೇಂದ್ರ ತಪ್ಪು. ಕೈವಾರದ ಮೊನೆಯನ್ನು ನನ್ನ ಕಛೇರಿಯ ಮೇಲೆ ಊರಿದ್ದೆ. ಅದನ್ನು ಊರಬೇಕಾಗಿದ್ದದ್ದು ಮಗುವಿನ ಪಾದದ ಬಳಿ.

ಇದು ನನ್ನ ಹೊಸ ಶೋಧವೇನೂ ಅಲ್ಲ. ಬೆಂಗಳೂರು ಬೆಳೆದ ಕಥೆಯನ್ನು ನೋಡಿದರೆ, ಹಿಂದಿನವರಿಗೆ ಈ ಅಳತೆ ತಿಳಿದಿತ್ತೆನ್ನಿಸುತ್ತದೆ. ಬಸವನಗುಡಿ, ಮಲ್ಲೇಶ್ವರಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಬಡಾವಣೆಗಳು; 1898ರ ಪ್ಲೇಗಿಗೆ ಬೆದರಿ ಇಕ್ಕಟ್ಟಾದ ಪೇಟೆಯನ್ನು ಬಿಟ್ಟುಬಂದ ಸಂಸಾರಗಳಿಂದ ಅವು ಬೇಗ ಬೇಗ ತುಂಬಿದವು. ಅಗಲವಾದ ನೇರ ಬೀದಿಗಳು, ಗಾಳಿ ಬೆಳಕು, ನಡೆದು ಹೋಗುವಷ್ಟು ದೂರದಲ್ಲಿ ಮಾರುಕಟ್ಟೆ, ಗುಡಿ, ಶಾಲೆ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಜಯನಗರಕ್ಕೆ ಅಡಿಗಲ್ಲು ಬಿದ್ದಿತು. ಅದರ ಬೆನ್ನಿಗೇ ರಾಜಾಜಿನಗರ ಬಂದಿತು. ಅದೇ ಕಾಲದಲ್ಲಿ ಸರ್ಕಾರಿ ಕಾರ್ಖಾನೆಗಳು ತಲೆಯೆತ್ತಿದವು: 1948ರಲ್ಲಿ ಐ.ಟಿ.ಐ., 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ದೂರವಾಣಿನಗರದಲ್ಲಿ, ಜಾಲಹಳ್ಳಿಯಲ್ಲಿ ಕಾರ್ಖಾನೆಯೊಡನೆ ಕೆಲಸಗಾರರ ವಸತಿ ಬಂದಿತು, ವಸತಿಯೊಡನೆ ಶಾಲೆ, ಆಟದ ಬಯಲು ಬಂದವು. ತಂದೆ ಸೈಕಲ್ಲಿನಲ್ಲಿ ಕಾರ್ಖಾನೆಗೆ, ಮಗ ನಡೆದು ಶಾಲೆಗೆ. ಅಲ್ಲಿ ಬೆಳೆದವರನ್ನು ಕೇಳಿ ನೋಡಿ. ತಮ್ಮ ಬಾಲ್ಯದ ಬೀದಿಗಳನ್ನು ಅವರು ಇಂದಿಗೂ ತಿರುವು ತಿರುವಾಗಿ ವರ್ಣಿಸುತ್ತಾರೆ.

ಆಮೇಲಿನ ಬೆಂಗಳೂರಿನಲ್ಲಿ ಕ್ರಮ ತಿರುಗುಮುರುಗಾಯಿತು. ಗಣಕಯಂತ್ರದ ಉದ್ಯಮ ಬಂದಾಗ ದುಡಿಮೆಯ ತಾಣಗಳು ಊರ ಹೊರಗೆ ಮೊದಲು ಎದ್ದು ನಿಂತವು. ಮನೆಗಳು ಅವುಗಳ ಹಿಂದೆ ಓಡಿಬಂದವು. ಶಾಲೆ, ರಸ್ತೆ, ನೀರು, ಇವು ಎಲ್ಲರಿಗಿಂತ ಹಿಂದೆ ಏದುಸಿರು ಬಿಡುತ್ತ ಬಂದವು. ಎಷ್ಟೋ ಕಡೆ ಇನ್ನೂ ಬರುತ್ತಲೇ ಇವೆ. 2007ರಲ್ಲಿ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಾಯಿತು. 2025ರ ಸೆಪ್ಟೆಂಬರಿನಲ್ಲಿ ಅದು ಹೋಗಿ ಐದು ನಗರ ಪಾಲಿಕೆಗಳಾದವು. ಆಡಳಿತದ ಗಡಿಯನ್ನು ಒಂದು ಆಜ್ಞೆಯಿಂದ ಎಳೆಯಬಹುದು. ಆದರೆ ಹಳ್ಳಿಯ ಗಾಡಿದಾರಿಯೊಂದು ಮಗು ನಡೆಯಬಲ್ಲ ಬೀದಿಯಾಗುವುದು ಆಜ್ಞೆಯಿಂದ ಆಗುವ ಕೆಲಸವಲ್ಲ.

ಮಗುವಿನ ಹೆಜ್ಜೆಯ ಅಳತೆಯನ್ನು ನಮ್ಮ ಕಾನೂನೂ ಒಪ್ಪಿಕೊಂಡಿದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಅಡಿಯಲ್ಲಿ ಕೇಂದ್ರ ಸರ್ಕಾರ 2010ರಲ್ಲಿ ಮಾಡಿದ ನಿಯಮಗಳ ಪ್ರಕಾರ, ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ನಡೆದು ಹೋಗುವಂತೆ ಒಂದು ಕಿಲೋಮೀಟರಿನೊಳಗೆ, ಆರರಿಂದ ಎಂಟನೆಯ ತರಗತಿಯವರಿಗೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕು. ಅದನ್ನು ಓದಿದಾಗ ನನಗೆ ನಾಚಿಕೆಯಾಯಿತು. ಬಡವರ ಮಕ್ಕಳಿಗೂ ಇಷ್ಟಾದರೂ ಇರಲಿ ಎಂದು ಸರ್ಕಾರ ನಿಗದಿ ಮಾಡಿದ್ದನ್ನು, ಹಣ ತೆತ್ತು ನನ್ನ ಮಕ್ಕಳಿಂದ ನಾನೇ ಕಿತ್ತುಕೊಂಡಿದ್ದೆ.

ನಮ್ಮ ಕಣ್ಣನ್ನು ಪೂರ್ತಿ ತೆರೆಸಿದ್ದು ನೀರು. 2024ರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಬೆಂಗಳೂರಿನ ಹೊರವಲಯದ ಕೊಳವೆಬಾವಿಗಳು ಬತ್ತಿಹೋದದ್ದನ್ನು ತಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೀರಿ. ನಾವು ಅದನ್ನು ಬಚ್ಚಲಮನೆಯಲ್ಲಿ ಓದಿದೆವು. ನಮ್ಮ ಕಟ್ಟಡಕ್ಕೆ ಕಾವೇರಿಯ ನೀರು ಇರಲಿಲ್ಲ. ಬೆಂಗಳೂರಿನ ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಯಂತ್ರಗಳ ಬಲದಿಂದ ಏರಿ ಬರುವ ನದಿ. ಮೊದಲ ಹಂತದ ನೀರು 1974ರಲ್ಲಿ ಬಂದಿತು. 2007ರಲ್ಲಿ ಸೇರಿದ ಆ 110 ಹಳ್ಳಿಗಳನ್ನು ಮುಖ್ಯವಾಗಿ ಉದ್ದೇಶಿಸಿದ ಐದನೆಯ ಹಂತ, ದಿನಕ್ಕೆ 77 ಕೋಟಿ 50 ಲಕ್ಷ ಲೀಟರಿನದು, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷಗಳ ಅಂತರ! ಆ ಅವಧಿಯಲ್ಲಿ ಹುಟ್ಟಿದ ಮಗು ಪದವಿಪೂರ್ವ ತರಗತಿಗೆ ಬಂದಿರುತ್ತದೆ. ಆದ್ದರಿಂದ ಮನೆ ನೋಡಲು ಹೋದಾಗ ನೆಲದ ಹೊಳಪನ್ನು ಆಮೇಲೆ ನೋಡಿ; ಕಾವೇರಿ ಬರುತ್ತದೆಯೆ, ವಾರದಲ್ಲಿ ಎಷ್ಟು ದಿನ ಬರುತ್ತದೆ, ಹೋದ ಮಾರ್ಚಿನಲ್ಲಿ ಎಷ್ಟು ಟ್ಯಾಂಕರು ತರಿಸಿದಿರಿ, ಎಂದು ಮೊದಲು ಕೇಳಿ. ಮನೆಯ ಯಜಮಾನನನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ.

ಹೆಚ್ಚಾದ ನೀರೂ ಕಷ್ಟವೇ. 2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದ ಬಡಾವಣೆಗಳಲ್ಲಿ ಜನರನ್ನು ದೋಣಿಗಳಲ್ಲಿಯೂ ಟ್ರ್ಯಾಕ್ಟರುಗಳಲ್ಲಿಯೂ ಸಾಗಿಸಬೇಕಾಯಿತು. ಇಲ್ಲಿ ಸಾಹಿತ್ಯಾಭ್ಯಾಸಿಗಳಿಗೆ ಅನುಕೂಲವಾದ ಒಂದು ಉಪಾಯವುಂಟು: ಊರಿನ ಹೆಸರನ್ನು ಬಿಡಿಸಿ ಓದುವುದು. ಅರೆಕೆರೆ, ಗೊಟ್ಟಿಗೆರೆ, ಹೊಸಕೆರೆಹಳ್ಳಿ, ಇವು ತಾವಾಗಿಯೇ ಮಾತನಾಡುತ್ತವೆ. ಬೊಮ್ಮಸಂದ್ರ, ಸಿಂಗಸಂದ್ರ, ನಾಗಸಂದ್ರಗಳ ‘ಸಂದ್ರ’ವಾದರೂ ‘ಸಮುದ್ರ’ವೇ, ದೊಡ್ಡ ಕೆರೆಯನ್ನು ನಮ್ಮ ಹಿಂದಿನವರು ಅಭಿಮಾನದಿಂದ ಕರೆದ ಹೆಸರು. ಹೆಸರಿನಲ್ಲಿ ಕೆರೆಯಿದ್ದರೆ ಕೆರೆ ಎಲ್ಲಿದೆ ಎಂದು ಕೇಳಬೇಕು; ಇಲ್ಲವಾಗಿದ್ದರೆ ಅದು ಎಲ್ಲಿತ್ತು ಎಂದು ಕೇಳಬೇಕು. ಧರ್ಮಾಂಬುಧಿ ಕೆರೆ ಬಸ್ಸು ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಕೆರೆ ಮರೆತರೂ ಮಳೆ ಮರೆಯುವುದಿಲ್ಲ. ಅದು ತನ್ನ ಹಳೆಯ ವಿಳಾಸವನ್ನು ಹುಡುಕಿಕೊಂಡು ರಾಜಕಾಲುವೆಯ ಗುಂಟ ಬಂದೇ ಬರುತ್ತದೆ. ಮಗುವಿನ ಶಾಲೆಯ ದಾರಿ ಆ ವಿಳಾಸವನ್ನು ಹಾದುಹೋಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಆ ಮಾರ್ಚಿನಲ್ಲಿಯೇ ನಾವು ಎರಡನೆಯ ಸಲ ಮನೆ ಹುಡುಕಲು ಹೊರಟೆವು. ಈ ಸಾರಿ ನಕ್ಷೆಯನ್ನು ಮಡಿಸಿಟ್ಟೆವು. ಭಾನುವಾರ ಹೋಗಲಿಲ್ಲ, ಭಾನುವಾರ ಎಲ್ಲ ಬಡಾವಣೆಗಳೂ ಸಾಧುವಾಗಿಯೇ ಕಾಣುತ್ತವೆ. ರಜೆ ಹಾಕಿ ಸೋಮವಾರ ಬೆಳಗ್ಗೆ ಎಂಟು ಗಂಟೆಗೆ ಹೋದೆವು. ಮತ್ತೆ ಸಂಜೆ ನಾಲ್ಕೂವರೆಗೆ ಹೋದೆವು. ಮಕ್ಕಳನ್ನು ಮುಂದೆ ಬಿಟ್ಟು ನಾವು ಹಿಂದೆ ನಡೆದೆವು. ಎಲ್ಲಿ ನನ್ನ ಹೆಂಡತಿ ತನಗರಿವಿಲ್ಲದೆ ಮಗನ ಕೈ ಹಿಡಿದುಕೊಂಡಳೋ ಆ ಬೀದಿಯನ್ನು ಬಿಟ್ಟೆವು. ಎಲ್ಲಿ ಕೈ ಸಡಿಲವಾಯಿತೋ ಅಲ್ಲಿ ನಿಂತು ಸುತ್ತ ನೋಡಿದೆವು. ಸಂಜೆ ಬೀದಿಯಲ್ಲಿ ಬೇರೆ ಮಕ್ಕಳು ಇದ್ದಾರೆಯೇ, ಜಗಲಿಯ ಮೇಲೆ ಮುದುಕರು ಕುಳಿತಿದ್ದಾರೆಯೇ, ಬಿದ್ದ ಮಗುವನ್ನು ಎತ್ತುವಷ್ಟು ಹತ್ತಿರದಲ್ಲಿ ಒಂದು ಅಂಗಡಿ ತೆರೆದಿದೆಯೇ, ಇಷ್ಟನ್ನು ನೋಡಿದೆವು. ಇದಕ್ಕಿಂತ ಸೂಕ್ಷ್ಮವಾದ ಮಾಪನ ನನಗೆ ಈವರೆಗೆ ದೊರೆತಿಲ್ಲ.

ಶಾಲೆಯ ವಿಷಯದಲ್ಲಿಯೂ ಹೆಸರಿನ ಮೋಹವನ್ನು ಬಿಡಬೇಕಾಯಿತು. ನಡೆಯುವ ದೂರದೊಳಗಿನ ನಾಲ್ಕು ಶಾಲೆಗಳನ್ನು ನೋಡಿ, ಪಾಠ ಮುಗಿದ ಮೇಲೆ ಮಕ್ಕಳು ನಗುತ್ತ ಹೊರಬಂದ ಒಂದನ್ನು ಆರಿಸಿದೆವು. ಭಾಷೆಯ ಪ್ರಶ್ನೆಯೂ ಇತ್ತು. 2015ರ ಕನ್ನಡ ಭಾಷಾ ಕಲಿಕೆ ಕಾಯಿದೆಯಿಂದಾಗಿ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಇಲ್ಲವೆ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂಬುದೇನೋ ಆಗಿದೆ. ಆದರೆ ಪಠ್ಯದ ಕನ್ನಡ ಒಂದು, ಬೀದಿಯ ಕನ್ನಡ ಇನ್ನೊಂದು. ಮೊದಲಿನ ಮನೆಯಲ್ಲಿ ನನ್ನ ಮಗ ಕನ್ನಡವನ್ನು ನಮ್ಮೊಡನೆ ಮಾತ್ರ ಆಡುತ್ತಿದ್ದ. ಬೇರೆ ಬೇರೆ ನಾಡುಗಳಿಂದ ಬಂದ ಅಲ್ಲಿಯ ಮಕ್ಕಳು ಒಳ್ಳೆಯ ಮಕ್ಕಳೇ. ಅವರನ್ನು ದೂರುವಂತಿಲ್ಲ, ಅವರೂ ನಮ್ಮ ಹಾಗೆಯೇ ಊರು ಬಿಟ್ಟು ಬಂದವರು. ಆದರೆ ಸೊಪ್ಪಿನವಳೊಡನೆ ಚೌಕಾಶಿ ಮಾಡಲು, ಗೋಲಿಯಾಟದಲ್ಲಿ ಜಗಳವಾಡಲು ಬಾರದ ಭಾಷೆ ಮಗುವಿನ ನಾಲಿಗೆಯಲ್ಲಿ ಹೆಚ್ಚು ದಿನ ಉಳಿಯದು.

ಕೊನೆಗೆ ಹನುಮಂತನಗರದಲ್ಲಿ, ಮೊದಲನೆಯ ಮಹಡಿಯಲ್ಲಿ, ಎರಡು ಕೋಣೆಗಳ ಹಳೆಯ ಮನೆಯೊಂದನ್ನು ಹಿಡಿದೆವು. ಬೆಲೆಯನ್ನು ಮುಚ್ಚಿಡಬಾರದಾದ್ದರಿಂದ ಹೇಳುತ್ತೇನೆ. ಮೂರು ಕೋಣೆ ಎರಡಾದವು, ಬಾಡಿಗೆ ಕಡಮೆಯಾಗಲಿಲ್ಲ. ಗೋಡೆಗೆ ಮಳೆಗಾಲದಲ್ಲಿ ತೇವ. ಮಂಚವೊಂದನ್ನೂ ಪುಸ್ತಕದ ಎರಡು ಬೀರುಗಳನ್ನೂ ಮಾರಿದೆವು. ನೀರು ದಿನ ಬಿಟ್ಟು ದಿನ. ಎಲ್ಲಕ್ಕಿಂತ ಮಿಗಿಲಾಗಿ, ಮಕ್ಕಳ ದೂರವೆಲ್ಲ ನನ್ನ ಹೆಗಲಿಗೆ ಬಂದಿತು. ಮನೆಯಿಂದ ನ್ಯಾಷನಲ್ ಕಾಲೇಜಿನ ಮೆಟ್ರೋ ನಿಲ್ದಾಣಕ್ಕೆ ನಡೆಯುತ್ತೇನೆ; ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗದಿಂದ ನೇರಳೆ ಮಾರ್ಗಕ್ಕೆ ಬದಲಾಯಿಸಿ ಪಟ್ಟಂದೂರು ಅಗ್ರಹಾರದಲ್ಲಿ ಇಳಿಯುತ್ತೇನೆ. ನೇರಳೆ ಮಾರ್ಗ 2023ರ ಅಕ್ಟೋಬರಿನಲ್ಲಿ ವೈಟ್‌ಫೀಲ್ಡಿನವರೆಗೆ ಅಖಂಡವಾಗಿ ಕೂಡಿಕೊಳ್ಳದೆ ಇದ್ದಿದ್ದರೆ ಈ ನಿರ್ಧಾರ ನನ್ನಿಂದ ಸಾಧ್ಯವಾಗುತ್ತಿರಲಿಲ್ಲ. ಬಾಗಿಲಿನಿಂದ ಬಾಗಿಲಿಗೆ ಒಂದು ಗಂಟೆ ಮುಕ್ಕಾಲು. ಹೋಗಿ ಬರುವುದು ಸೇರಿ ದಿನಕ್ಕೆ ಮೂರೂವರೆ ಗಂಟೆ. ಆದರೆ ನಲವತ್ತು ದಾಟಿದವನು ರೈಲಿನಲ್ಲಿ ಕಳೆಯುವ ಗಂಟೆ ಬೇರೆ, ಏಳು ವರ್ಷದವನು ಬಸ್ಸಿನಲ್ಲಿ ಕಳೆಯುವ ಗಂಟೆ ಬೇರೆ. ನಾನು ಆ ವೇಳೆಯಲ್ಲಿ ಓದುತ್ತೇನೆ. ಸೀಟು ಸಿಗದ ದಿನ ಓದಿದ್ದನ್ನು ಮೆಲುಕು ಹಾಕುತ್ತೇನೆ. ಅವನು ಆ ವೇಳೆಯಲ್ಲಿ ಬೆಳೆಯಬೇಕಾಗಿತ್ತು.

ಎಲ್ಲರಿಗೂ ಇದು ಸಾಧ್ಯವೆಂದು ನಾನು ಹೇಳಲಾರೆ. ತಾಯಿ ತಂದೆ ಇಬ್ಬರೂ ಎರಡು ದಿಕ್ಕಿಗೆ ದುಡಿಯಲು ಹೋಗುವ ಮನೆಗಳಿವೆ. ಬಾಡಿಗೆಯ ಮಾತೇ ಮೊದಲ ಮಾತೂ ಕೊನೆಯ ಮಾತೂ ಆಗಿರುವ ಮನೆಗಳಿವೆ. ಅಂಥವರಿಗೆ ಬಸವನಗುಡಿಯ ಪಕ್ಕದಲ್ಲೇ ಇರಿ ಎಂದು ಉಪದೇಶ ಮಾಡುವುದು ಕ್ರೌರ್ಯ. ಯಲಹಂಕದಲ್ಲಿ, ಕೆಂಗೇರಿಯಲ್ಲಿ, ಹೊರಗಿನ ಯಾವ ಹೊಸ ಬಡಾವಣೆಯಲ್ಲಿ ಹುಡುಕಿದರೂ ಕೇಳಬೇಕಾದ ಪ್ರಶ್ನೆ ಅದೇ, ಉತ್ತರ ಮಾತ್ರ ಬೀದಿಯಿಂದ ಬೀದಿಗೆ ಬದಲಾಗುತ್ತದೆ, ಎಂದಷ್ಟೇ ನನ್ನ ಅರಿಕೆ. ಮತ್ತೊಂದು ಮಾತು: ಮೊದಲ ವರ್ಷ ಮನೆ ಕೊಳ್ಳಬೇಡಿ. ಬಾಡಿಗೆಯ ತಪ್ಪನ್ನು ತಿದ್ದಬಹುದು. ಸಾಲದ ತಪ್ಪನ್ನು ಇಪ್ಪತ್ತು ವರ್ಷ ತಿದ್ದಬೇಕಾಗುತ್ತದೆ.

ತಿದ್ದಬಹುದು ಎಂದೆ. ಪೂರ್ತಿ ತಿದ್ದಲಾಗುವುದಿಲ್ಲವೆಂಬುದನ್ನೂ ಹೇಳಬೇಕು. ಎರಡನೆಯ ಶಾಲೆಯ ಮೊದಲ ದಿನ ಮಗ ಬಾಗಿಲಲ್ಲಿ ನಿಂತು, ‘ಇಲ್ಲಿಂದ ಯಾವಾಗ ಹೋಗುವುದು?’ ಎಂದು ಕೇಳಿದ. ಹನ್ನೆರಡು ತಿಂಗಳಲ್ಲಿ ಮೂರು ಶಾಲೆಗಳನ್ನು ಕಂಡವನು, ನಾಲ್ಕನೆಯದಕ್ಕೂ ಸಿದ್ಧನಾಗಿದ್ದ. ಆ ವರ್ಷ ಅವನು ಯಾರನ್ನೂ ಗೆಳೆಯನೆಂದು ಕರೆಯಲಿಲ್ಲ. ಕರೆದರೆ ಬಿಟ್ಟುಹೋಗಬೇಕಾಗುತ್ತದೆಂದು ಅವನಿಗೆ ತೋರಿರಬೇಕು. ಮರು ವರ್ಷದ ಗೌರಿ ಹಬ್ಬದ ಹೊತ್ತಿಗೆ ಒಬ್ಬ ಹುಡುಗನನ್ನು ಮನೆಗೆ ಕರೆತಂದು, ಹೆಸರು ಹೇಳದೆ, ‘ಇವನಿಗೆ ನೀರು ಬೇಕಂತೆ’ ಎಂದ. ಆ ಲೋಟ ನೀರು ಕೊಡುವಾಗ ನನ್ನ ಹೆಂಡತಿಯ ಕಣ್ಣು ಒದ್ದೆಯಾಗಿತ್ತು. ಈಗ ಊಟಕ್ಕೆ ಕುಳಿತರೆ ಅವನ ಮಾತನ್ನು ನಿಲ್ಲಿಸುವುದು ಕಷ್ಟ.

ಇನ್ನು ಮಗಳ ಪ್ರಶ್ನೆ. ಬಿ.ಪಿ. ವಾಡಿಯಾ ರಸ್ತೆಯಲ್ಲಿ 1945ರಲ್ಲಿ ಸ್ಥಾಪನೆಯಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಸಂಸ್ಥೆಯ ಗ್ರಂಥಾಲಯವಿದೆ. ನಮ್ಮ ಮನೆಯಿಂದ ಸುಮಾರು ಇಪ್ಪತ್ತು ನಿಮಿಷದ ನಡಿಗೆ. ನಡುವೆ ಬುಲ್ ಟೆಂಪಲ್ ರಸ್ತೆಯನ್ನು ದಾಟಬೇಕು. ಅದು ಸುಲಭದ ರಸ್ತೆಯಲ್ಲ. ಅಲ್ಲಿಯೂ ಕಾಲುದಾರಿಯ ಮೇಲೆ ಸ್ಕೂಟರುಗಳು ಏರುತ್ತವೆ. ನಾಲ್ಕು ವಾರ ನಾವು ಜೊತೆಯಲ್ಲಿ ಹೋಗಿ, ಎಲ್ಲಿ ನಿಲ್ಲಬೇಕು, ಯಾವ ದೀಪವನ್ನು ನೋಡಬೇಕು, ದೀಪವನ್ನು ನೋಡದವರನ್ನು ಹೇಗೆ ನೋಡಬೇಕು ಎಂದು ಹೇಳಿಕೊಟ್ಟೆವು. ಐದನೆಯ ಶನಿವಾರ ಅವಳು ಒಬ್ಬಳೇ ಹೊರಟಳು. ಹೋಗಿ ಬಾ ಎಂದು ಹೇಳಿ ಬಾಗಿಲು ಹಾಕಿದವನು, ಎರಡು ನಿಮಿಷ ಬಿಟ್ಟು ಚಪ್ಪಲಿ ಮೆಟ್ಟಿಕೊಂಡು, ನೂರು ಹೆಜ್ಜೆಯ ಅಂತರದಲ್ಲಿ ಹಿಂಬಾಲಿಸಿದೆ. ಬುಲ್ ಟೆಂಪಲ್ ರಸ್ತೆಯ ಅಂಚಿನಲ್ಲಿ ಅವಳು ನಿಂತಳು. ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ, ಮತ್ತೆ ಬಲಕ್ಕೆ ನೋಡಿದಳು. ದಾಟಿದಳು. ಗಾಂಧಿ ಬಜಾರಿನ ಹೂವಿನ ಅಂಗಡಿಗಳ ನಡುವೆ ಅವಳ ಜಡೆ ಕಾಣಿಸಿ ಮರೆಯಾಯಿತು. ಆ ಜನಸಂದಣಿಯಲ್ಲಿ ಅವಳು ಸಾಗರದ ಬೀದಿಯಲ್ಲಿ ನಡೆಯುತ್ತಿದ್ದಂತೆಯೇ ನಡೆಯುತ್ತಿದ್ದಳು.

ಸಂಜೆ ಎರಡು ಪುಸ್ತಕ ಹಿಡಿದು ಮರಳಿ ಬಂದವಳು ಚಪ್ಪಲಿ ಕಳಚುತ್ತ, ‘ಅಪ್ಪ, ನೀನು ಹಿಂದೆ ಬಂದದ್ದು ನನಗೆ ಗೊತ್ತಾಯಿತು. ಮುಂದಿನ ವಾರ ಬರಬೇಡ’ ಎಂದಳು.

ನಾನು ಹೋಗಲಿಲ್ಲ.